ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ: ನುಡಿ ಕಡತ, ಟ್ಯಾಲಿ ಲೆಕ್ಕ, ಪಾಸ್‌ವರ್ಡ್ ಯಾವುದೂ ಹಿಂದೆ ಉಳಿಯದಂತೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹಾಕಿಕೊಳ್ಳಲು ಮೈಕ್ರೋಸಾಫ್ಟ್ ಒಪ್ಪುವುದಿಲ್ಲ. ಹೀಗಾಗಿ ಮನೆ, ಅಂಗಡಿ, ಆಡಿಟರ್ ಕಚೇರಿ, ಡಿಟಿಪಿ ಸೆಂಟರ್‌ಗಳಲ್ಲಿ ಹೊಸ ಕಂಪ್ಯೂಟರ್ ಬಂದು ಕೂತಿದೆ, ಹಳೆಯದು ಪಕ್ಕದಲ್ಲೇ ಇದೆ. ಈ ಘಟ್ಟದಲ್ಲಿ ಫೋಟೊ, ವಿಡಿಯೊ ಕಳೆದುಕೊಳ್ಳುವವರು ಕಡಿಮೆ, ಏಕೆಂದರೆ ಅವು ಕಣ್ಣೆದುರೇ ಇರುತ್ತವೆ. ಕಳೆದುಹೋಗುವುದು ಕಾಣದ ಜಾಗದಲ್ಲಿದ್ದದ್ದು: ಔಟ್‌ಲುಕ್‌ನ ಹಳೆಯ ಮೇಲ್, ಬ್ರೌಸರಿನೊಳಗಿನ ಪಾಸ್‌ವರ್ಡ್, ‘ನುಡಿ’ ತಂತ್ರಾಂಶದಲ್ಲಿ ಬರೆದ ಹತ್ತು ವರ್ಷದ ಕನ್ನಡ ಕಡತಗಳನ್ನು ಓದಲು ಬೇಕಾದ ಫಾಂಟ್, ಸರೆಂಡರ್ ಮಾಡದೆ (ಹಳೆಯ ಯಂತ್ರದಿಂದ ಬಿಡಿಸದೆ) ಬಿಟ್ಟ ಟ್ಯಾಲಿ ಲೆಕ್ಕ ತಂತ್ರಾಂಶದ ಲೈಸೆನ್ಸ್.

ಕೆಲಸ ಶುರುಮಾಡುವ ಮೊದಲು ಒಂದು ಮಾತು ಸ್ಪಷ್ಟವಿರಲಿ. ಕಂಪ್ಯೂಟರಿನಲ್ಲಿರುವುದು ಮೂರು ಬಗೆ. ನೀವು ಮಾಡಿಟ್ಟ ಕಡತಗಳನ್ನು ನಕಲು ಮಾಡಿದರೆ ಸಾಕು. ಪ್ರೋಗ್ರಾಂಗಳನ್ನು ನಕಲು ಮಾಡಿದರೆ ಪ್ರಯೋಜನವಿಲ್ಲ. ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಇಡಿಯಾಗಿ ಹೊತ್ತು ತಂದರೂ ಹೆಚ್ಚಿನವು ತೆರೆಯುವುದಿಲ್ಲ, ಏಕೆಂದರೆ ಅವುಗಳ ಬೇರು ರಿಜಿಸ್ಟ್ರಿ ಎಂಬ ವಿಂಡೋಸ್‌ನ ಸೆಟ್ಟಿಂಗ್ ಕಣಜದಲ್ಲಿ, ವಿಂಡೋಸ್ ಫೋಲ್ಡರಿನಲ್ಲಿ ಹರಡಿಕೊಂಡಿರುತ್ತದೆ. ಅವನ್ನು ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಮೂರನೆಯದು ಲೈಸೆನ್ಸ್. ಟ್ಯಾಲಿಯಂಥ ಹಲವನ್ನು ಹಳೆಯ ಯಂತ್ರದಲ್ಲಿ ಬಿಡಿಸಿದ ಮೇಲಷ್ಟೇ ಹೊಸದರಲ್ಲಿ ಹಾಕಬಹುದು. ವಿಂಡೋಸ್ 7ರ ಕಾಲದಲ್ಲಿದ್ದ ಈಸಿ ಟ್ರಾನ್ಸ್‌ಫರ್ ಸೌಲಭ್ಯ ವಿಂಡೋಸ್ 10ರಿಂದಲೇ ಇಲ್ಲ.

ಮೊದಲು ಪಟ್ಟಿ, ಆಮೇಲೆ ಕೇಬಲ್

ಹಳೆಯ ಕಂಪ್ಯೂಟರಿನ ಮುಂದೆ ಕಾಗದ, ಪೆನ್ನು ಹಿಡಿದು ಅರ್ಧ ಗಂಟೆ ಕೂರಿ. ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿ ತೆರೆದು, ನಿಜವಾಗಿ ಬಳಸುವ ಪ್ರೋಗ್ರಾಂಗಳ ಹೆಸರು, ಆವೃತ್ತಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದರೂ ಆದೀತು. ಪ್ರಿಂಟರ್, ಸ್ಕ್ಯಾನರ್‌ಗಳ ಮಾಡೆಲ್ ಸಂಖ್ಯೆ, ವೈಫೈ ಪಾಸ್‌ವರ್ಡ್, ಪ್ರೋಗ್ರಾಂಗಳ ಸೀರಿಯಲ್ ಸಂಖ್ಯೆ, ಯಾವ ಖಾತೆಗೆ ಯಾವ ಇಮೇಲ್ ಎಂಬುದೂ ಇದರಲ್ಲೇ ಬರಲಿ.

ಇನ್ನೊಂದು ಸಂಗತಿಯನ್ನು ಈಗಲೇ ನೋಡಿಬಿಡಿ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ 16 ಬಿಟ್ ಪ್ರೋಗ್ರಾಂಗಳು ಓಡುವುದಿಲ್ಲ. ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ ಇನ್ನೂ ಬಳಕೆಯಲ್ಲಿದ್ದರೆ ಅದರ ದತ್ತಾಂಶವನ್ನು ಹಳೆಯ ಯಂತ್ರದಲ್ಲಿದ್ದಾಗಲೇ ಎಕ್ಸೆಲ್‌ಗೋ ಟೆಕ್ಸ್ಟ್ ಕಡತಕ್ಕೋ ಹೊರತೆಗೆಯಿರಿ. ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಿದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಸಾಮಾನ್ಯ ಪ್ರೋಗ್ರಾಂಗಳು ಓಡುತ್ತವೆ, ಆದರೆ ಡ್ರೈವರ್‌ಗಳು, ಅಂದರೆ ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳು, ಆ ಚಿಪ್ಪಿಗೆಂದೇ ಬರೆದಿರಬೇಕು. ಹಳೆಯ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ (ಸಹಿ ಇರುವ, ಪೆನ್‌ಡ್ರೈವಿನಂಥ ಸಾಧನ) ನೆಚ್ಚಿಕೊಂಡ ಕಚೇರಿಗಳು ಹಣ ಕೊಡುವ ಮೊದಲೇ ಇದನ್ನು ಕೇಳಿ ತಿಳಿಯಬೇಕು.

ನಂತರ ಹಳೆಯ ಯಂತ್ರವನ್ನು ವಿಂಡೋಸ್ ಸೆಕ್ಯುರಿಟಿಯಲ್ಲಿ ಫುಲ್ ಸ್ಕ್ಯಾನ್ ಮಾಡಿ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣಿಸುವ ವೈರಸ್ ನಮ್ಮಲ್ಲಿ ಬಹಳ ಕಡೆ ಇದೆ. ಅದನ್ನು ಹೊಸ ಯಂತ್ರಕ್ಕೂ ಅಂಟಿಸಬೇಡಿ.

ಯಾವ ಯಾವ ಜಾಗ ನೋಡಬೇಕು

ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಎಲ್ಲ ಅದರೊಳಗೆ. ಒಂದೇ ಯಂತ್ರವನ್ನು ಇಬ್ಬರು ಮೂವರು ಬಳಸುತ್ತಿದ್ದರೆ ಅವರ ಹೆಸರಿನ ಫೋಲ್ಡರ್‌ಗಳನ್ನೂ, ಪಕ್ಕದ ಪಬ್ಲಿಕ್ ಫೋಲ್ಡರನ್ನೂ ತೆರೆದು ನೋಡಿ. ನಮ್ಮಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳಲ್ಲಿ ಡಿ, ಇ ಡ್ರೈವ್ ಮಾಡಿ ಮುಖ್ಯವಾದುದನ್ನೆಲ್ಲ ಅಲ್ಲಿಡುವ ರೂಢಿ. ಸಿ ಡ್ರೈವಿನ ಮೊದಲ ಪುಟದಲ್ಲೇ ಹೊಸ ಫೋಲ್ಡರ್ ಮಾಡಿ ಇಟ್ಟವರೂ ಇದ್ದಾರೆ.

ಇನ್ನು ಅಡಗಿರುವ ಫೋಲ್ಡರ್. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಹಿಡನ್ ಐಟಮ್ಸ್‌ಗೆ ಗುರುತು ಹಾಕಿದರೆ ನಿಮ್ಮ ಹೆಸರಿನ ಫೋಲ್ಡರಿನೊಳಗೆ ಮಸುಕಾಗಿ ಆಪ್‌ಡೇಟಾ ಕಾಣುತ್ತದೆ. ಇದನ್ನು ಪೂರ್ತಿಯಾಗಿ ಹೊಸ ಯಂತ್ರದ ಆಪ್‌ಡೇಟಾ ಮೇಲೆ ಸುರಿಯಲೇಬೇಡಿ. ಹೊಸ ಪ್ರೋಗ್ರಾಂಗಳ ಸೆಟ್ಟಿಂಗ್ ಕಲಸಿಹೋಗುತ್ತದೆ. ಆದರೆ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ವರ್ಡ್‌ನ ಲೆಟರ್‌ಹೆಡ್ ಟೆಂಪ್ಲೇಟ್, ಫೈರ್‌ಫಾಕ್ಸ್ ಪ್ರೊಫೈಲ್, ನಿಮ್ಮ ಖಾತೆಗೆ ಮಾತ್ರ ಹಾಕಿಕೊಂಡ ಫಾಂಟ್‌ಗಳು ಇಲ್ಲೇ ಇರುತ್ತವೆ.

ಔಟ್‌ಲುಕ್ ಬಳಸುವವರು ಕಡತದ ಹೆಸರಿನ ಕೊನೆ ನೋಡಬೇಕು. ಪಿಎಸ್‌ಟಿ ಎಂದಿದ್ದರೆ ನಿಮ್ಮ ಮೇಲ್ ಅದರೊಳಗೇ ಇದೆ. ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನ ಔಟ್‌ಲುಕ್ ಫೈಲ್ಸ್ ಫೋಲ್ಡರಿನಲ್ಲಿ ಸಿಗುತ್ತದೆ. ಔಟ್‌ಲುಕ್ ಮುಚ್ಚಿದ ಮೇಲಷ್ಟೇ ಅದನ್ನು ನಕಲು ಮಾಡಿ. ಒಎಸ್‌ಟಿ ಎಂದಿದ್ದರೆ ಅದು ಸರ್ವರಿನ ನೆರಳು. ಖಾತೆ ಹಾಕಿದ ಕೂಡಲೇ ಹೊಸದಾಗಿ ಹುಟ್ಟಿಕೊಳ್ಳುತ್ತದೆ, ಹೊರುವ ಅಗತ್ಯವಿಲ್ಲ.

ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಸಂಗ್ರಹವಾದ ಒನ್‌ಡ್ರೈವ್ ಚಾಲೂ ಇದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಸದ್ದಿಲ್ಲದೆ ಒನ್‌ಡ್ರೈವ್ ಒಳಗೆ ಸೇರಿರಬಹುದು. ಕಡತದ ಪಕ್ಕ ಮೋಡದ ಚಿಹ್ನೆ ಕಂಡರೆ ಅದು ನಿಮ್ಮ ಡಿಸ್ಕಿನಲ್ಲಿಲ್ಲ, ಹೆಸರು ಮಾತ್ರ ಇದೆ. ಅಂಥ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಆರಿಸಿ, ಎಲ್ಲ ಇಳಿದು ಹಸಿರು ಗುರುತು ಬರುವ ತನಕ ಕಾಯಿರಿ. ಗೂಗಲ್ ಡಾಕ್ಸ್, ಶೀಟ್ಸ್ ಕಡತಗಳದ್ದು ಬೇರೆ ಕಥೆ: ಕಂಪ್ಯೂಟರಿನಲ್ಲಿ ಕಾಣುವುದು ಬರೀ ಕೊಂಡಿ. ಅದನ್ನು ನಕಲು ಮಾಡಿದರೆ ಒಳಗಿನ ಬರಹ ಬರುವುದಿಲ್ಲ. ಹೊಸ ಯಂತ್ರದಲ್ಲಿ ಅದೇ ಗೂಗಲ್ ಖಾತೆಗೆ ಲಾಗಿನ್ ಆಗಬೇಕು.

ವಿಂಡೋಸ್ ಬ್ಯಾಕಪ್ ಎಂಬ ಆಪ್ ಈಗ ವಿಂಡೋಸ್ ಜೊತೆಗೇ ಬರುತ್ತದೆ. ವೈಫೈ ಪಾಸ್‌ವರ್ಡ್, ಕೆಲವು ಸೆಟ್ಟಿಂಗ್, ಆಪ್‌ಗಳ ಪಟ್ಟಿ ಇವಕ್ಕೆ ಅದು ಒಳ್ಳೆಯದು. ಆದರೆ ಅದು ಇಡುವುದು ಒನ್‌ಡ್ರೈವ್‌ನಲ್ಲಿ, ಉಚಿತ ಜಾಗ 5 ಜಿಬಿ. ಸೆಟ್ಟಿಂಗಿಗೆ ಅದನ್ನು ಬಳಸಿ, ಕಡತಕ್ಕೆ ಹೊರಗಿನ ಡಿಸ್ಕನ್ನೇ ನಂಬಿ.

ನಕಲು ಮಾಡುವ ಬಗೆ

ಪೆನ್‌ಡ್ರೈವ್ ಬೇಡ. ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ 10 ಎಂಬಿ ಬರೆಯುತ್ತದೆ ಎಂದುಕೊಂಡರೂ 200 ಜಿಬಿಗೆ ಐದೂವರೆ ಗಂಟೆ. ಹೊರಗಿನ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ 3 ಪೋರ್ಟಿಗೆ ಸಿಕ್ಕಿಸಿದರೆ ಸೆಕೆಂಡಿಗೆ ಸುಮಾರು 100 ಎಂಬಿ ಸಿಗುತ್ತದೆ. ದೊಡ್ಡ ಕಡತಗಳಾದರೆ 200 ಜಿಬಿ ಮುಕ್ಕಾಲು ಗಂಟೆಯೊಳಗೆ ಮುಗಿದೀತು. ಈ ಪೋರ್ಟಿನ ಒಳಗಿನ ಪ್ಲಾಸ್ಟಿಕ್ ಹಲವು ಯಂತ್ರಗಳಲ್ಲಿ ನೀಲಿ ಬಣ್ಣದ್ದು. ಅದೇ ಡಿಸ್ಕನ್ನು ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟಿಗೆ ಹಾಕಿದರೆ ವೇಗ 30-35 ಎಂಬಿಗೆ ಇಳಿಯುತ್ತದೆ. ಸಾವಿರಾರು ಸಣ್ಣ ಕಡತಗಳಿದ್ದರೆ ಯಾವ ಪೋರ್ಟಿನಲ್ಲೂ ವೇಗ ಕುಸಿಯುತ್ತದೆ. ಪ್ರತಿ ಕಡತಕ್ಕೂ ತೆರೆ, ಬರೆ, ಮುಚ್ಚು ಎಂಬ ಕೆಲಸ ಬೇರೆ ಇರುತ್ತದಲ್ಲ. ಪರದೆಯಲ್ಲಿ ತೋರಿಸುವ ‘ಇನ್ನು ಇಷ್ಟು ನಿಮಿಷ’ ಆಗ ಹಿಂದೆ ಮುಂದೆ ಜಿಗಿದಾಡುತ್ತದೆ, ಗಾಬರಿ ಬೇಡ.

ಡಿಸ್ಕಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಂ ಏನಿದೆ ನೋಡಿ. ಫ್ಯಾಟ್32 ಎಂದಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಕಡತ ಅದರಲ್ಲಿ ಕೂರುವುದಿಲ್ಲ. ಮದುವೆಯ ವಿಡಿಯೊ, ದೊಡ್ಡ ಪಿಎಸ್‌ಟಿ ಕಡತ ಇಲ್ಲೇ ಸಿಕ್ಕಿಬೀಳುವುದು. ಡಿಸ್ಕ್ ಖಾಲಿ ಇದ್ದರೆ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಲ್ಯಾಪ್‌ಟಾಪನ್ನು ಚಾರ್ಜರಿಗೆ, ಡೆಸ್ಕ್‌ಟಾಪನ್ನು ಯುಪಿಎಸ್‌ಗೆ ಹಾಕಿ. ಸ್ಲೀಪ್ ಸಮಯವನ್ನು ನೆವರ್ ಎಂದು ಬದಲಿಸಿ. ಡಿಸ್ಕಿನಲ್ಲಿ ಯಂತ್ರದ ಹೆಸರು, ತಾರೀಕಿನ ಒಂದು ಫೋಲ್ಡರ್ ಮಾಡಿ, ಒಂದೊಂದೇ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿ. ಕಟ್ ಎಂದೂ ಮಾಡಬೇಡಿ. ಕಟ್ ಮಾಡಿದಾಗ ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಉಳಿದು, ಯಾವುದು ಪೂರ್ತಿ ಯಾವುದು ಮುರಿದದ್ದು ಎಂದು ಹುಡುಕುವುದೇ ಕೆಲಸವಾಗುತ್ತದೆ. ಕಾಪಿ ಮಾಡಿದ್ದರೆ ಮತ್ತೆ ಶುರುಮಾಡಿ, ಈಗಾಗಲೇ ಬಂದಿರುವವಕ್ಕೆ ಸ್ಕಿಪ್ ಕೊಟ್ಟರೆ ಆಯಿತು. ಕರೆಂಟ್ ಹೋದಾಗ ಬರೆಯುತ್ತಿದ್ದ ಕೊನೆಯ ಕಡತವನ್ನು ಮಾತ್ರ ಅಳಿಸಿ ಹೊಸದಾಗಿ ತನ್ನಿ.

ದಾರಿಯ ಹೆಸರು ಉದ್ದವಾಯಿತು ಎಂಬ ದೂರು ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರಿಗೆ ಬೇಗ ಎದುರಾಗುತ್ತದೆ. ಡ್ರೈವಿನ ಹೆಸರಿನಿಂದ ಕಡತದ ಹೆಸರಿನವರೆಗೆ ಸುಮಾರು 260 ಸಂಕೇತಗಳ ಮಿತಿ ಇದೆ. ‘ಲೆಕ್ಕಪತ್ರ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಒತ್ತು, ಗುಣಿತ, ವಿರಾಮ ಬಿಡಿಬಿಡಿಯಾಗಿ ಎಣಿಸುವ ಯಂತ್ರಕ್ಕೆ ಅದು ಒಂಬತ್ತು. ಫೋಲ್ಡರಿನೊಳಗೆ ಫೋಲ್ಡರ್ ಐದಾರು ಹಂತ ಹೋದರೆ ಮಿತಿ ಮುಟ್ಟಿಬಿಡುತ್ತದೆ. ಮೇಲಿನ ಫೋಲ್ಡರ್‌ಗಳ ಹೆಸರನ್ನು ತಾತ್ಕಾಲಿಕವಾಗಿ ‘ಅ’, ‘ಆ’ ಎಂದು ಚಿಕ್ಕದು ಮಾಡಿ ನಕಲಿಸಿ.

ಹಳೆಯ ಕಂಪ್ಯೂಟರ್ ಆನ್ ಆಗದಿದ್ದರೂ ಡಿಸ್ಕ್ ಸರಿಯಿದ್ದರೆ ಅದನ್ನು ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಬಹುದು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿ ಕರೆಂಟೇ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಅಡಾಪ್ಟರ್ ಇರುವ ಕೇಸ್ ಬೇಕು. ಸಣ್ಣ ಪಟ್ಟಿಯಂತಿರುವ ಎನ್‌ವಿಎಂಇ ಎಸ್‌ಎಸ್‌ಡಿಗೆ ಬೇರೆಯದೇ ಕೇಸ್. ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ್ದ ಡಿಸ್ಕಾದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಒಳಗಿನದು ಯಾರಿಗೂ ಸಿಗದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದೆಯೇ ನೋಡಿ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಪ್ರಯತ್ನಿಸದೆ ನಿಲ್ಲಿಸಿಬಿಡಿ. ಪ್ರತಿ ಸಲ ತಿರುಗಿಸಿದಾಗಲೂ ಹಾನಿ ಹೆಚ್ಚುತ್ತದೆ.

ಹೊಸ ಯಂತ್ರದಲ್ಲಿ ಡಿ ಡ್ರೈವ್

ಹೊಸ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ ಒಂದೇ ಸಿ ಡ್ರೈವ್ ಇಟ್ಟುಕೊಂಡು ಬರುತ್ತವೆ. ನಿಮ್ಮ ಕಡತಗಳು ಡಿ ಡ್ರೈವಿನಲ್ಲಿದ್ದಿದ್ದರೆ, ಒಂದು ಎಕ್ಸೆಲ್ ಹಾಳೆಯಿಂದ ಇನ್ನೊಂದಕ್ಕೆ ಕೊಟ್ಟ ಕೊಂಡಿ, ಪೇಜ್‌ಮೇಕರ್ ಪುಟದಲ್ಲಿ ಜೋಡಿಸಿದ ಚಿತ್ರ, ಟ್ಯಾಲಿಯ ಡೇಟಾ ದಾರಿ ಎಲ್ಲವೂ ಡಿ ಎಂದೇ ಹುಡುಕಿ, ಸಿಗದೆ ನಿಲ್ಲುತ್ತವೆ. ಸುಲಭ ಉಪಾಯ: ಕಡತ ತರುವ ಮೊದಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಮೇಲೆ ಬಲಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಮಾಡಿ, ಖಾಲಿಯಾದ ಜಾಗಕ್ಕೆ ಡಿ ಎಂಬ ಅಕ್ಷರ ಕೊಡಿ. ಫೋಲ್ಡರ್ ಹೆಸರುಗಳೂ ಹಿಂದಿನವೇ ಇರಲಿ. ಅರ್ಧಕ್ಕರ್ಧ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಕನ್ನಡದ ಕಡತಗಳು

ಹೊಸ ಯಂತ್ರದಲ್ಲಿ ಹಳೆಯ ನುಡಿ ಕಡತ ತೆರೆದಾಗ ‘ಕನ್ನಡ’ ಎಂಬ ಪದ ಇದ್ದ ಜಾಗದಲ್ಲಿ ಏನು ಕಾಣುತ್ತದೆ? ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಕಡತ ಕೆಟ್ಟಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಒಡೆಯರು ಕಾಣಿಸಿಕೊಳ್ಳುತ್ತಾರೆ, ಅಷ್ಟೇ.

ಹಾಗಾಗಿ ಹಳೆಯ ಯಂತ್ರದ ವಿಂಡೋಸ್ ಫೋಲ್ಡರಿನ ಫಾಂಟ್ಸ್ ತೆರೆದು, ನುಡಿ, ಬಿಆರ್‌ಎಚ್ (ಬರಹದ್ದು), ಶ್ರೀ ಎಂದು ಶುರುವಾಗುವ ಫಾಂಟ್‌ಗಳನ್ನೆಲ್ಲ ಡಿಸ್ಕಿಗೆ ನಕಲು ಮಾಡಿ. ಇತ್ತೀಚಿನ ವಿಂಡೋಸ್ 10ರಲ್ಲಿ ಡಬಲ್ ಕ್ಲಿಕ್ ಮಾಡಿ ಹಾಕಿದ ಫಾಂಟ್ ಆಪ್‌ಡೇಟಾ ಒಳಗೆ ಕೂತಿರಬಹುದು. ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ದಾರಿಯಲ್ಲಿ ಅಲ್ಲೂ ಹುಡುಕಿ. ಹೊಸ ಯಂತ್ರದಲ್ಲಿ ಹಾಕುವಾಗ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಆರಿಸಿ. ನುಡಿ ಮತ್ತು ಬರಹ ತಂತ್ರಾಂಶವನ್ನು ಹೊಸದಾಗಿಯೇ ಹಾಕಬೇಕು. ಹಾರ್ಡ್‌ವೇರ್ ಲಾಕ್ (ಪೋರ್ಟಿಗೆ ಸಿಕ್ಕಿಸುವ ಬೀಗ) ಇರುವ ಶ್ರೀಲಿಪಿಯಾದರೆ ಲಾಕಿನ ಡ್ರೈವರನ್ನೂ ಮರೆಯಬೇಡಿ.

ಮುಖ್ಯವಾದ ದಾಖಲೆಗಳಿದ್ದರೆ, ಸಂಘದ ನಡಾವಳಿಯೋ ಪುಸ್ತಕದ ಹಸ್ತಪ್ರತಿಯೋ, ಹಳೆಯ ಯಂತ್ರ ಇರುವಾಗಲೇ ಅವನ್ನು ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಮೂಲಕ ಪಿಡಿಎಫ್ ಮಾಡಿಡಿ. ಫಾಂಟ್ ಅದರೊಳಗೇ ಸೇರುವುದರಿಂದ ಮುಂದೆ ಯಾವ ಯಂತ್ರದಲ್ಲೂ ಓದಬಹುದು. ಯೂನಿಕೋಡ್‌ಗೆ, ಅಂದರೆ ಕನ್ನಡಕ್ಕೆ ಅದರದೇ ಸಂಕೇತಗಳಿರುವ ಪದ್ಧತಿಗೆ, ಬದಲಿಸುವ ಪರಿವರ್ತಕಗಳು ನುಡಿ, ಬರಹ ಎರಡರಲ್ಲೂ ಇವೆ. ಪರಿವರ್ತನೆಯನ್ನು ಪ್ರತಿಯ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ. ನಡುವೆ ಇಂಗ್ಲಿಷ್ ಪದ ಬೆರೆತಿದ್ದರೆ ಪರಿವರ್ತಕ ಅದನ್ನೂ ಕನ್ನಡದ ಸಂಕೇತವೆಂದು ತಿಳಿದು ಕೆಡಿಸಬಹುದು; ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು.

ಯೂನಿಕೋಡಿನಲ್ಲೇ ಬರೆದವರಿಗೆ ಈ ಗೋಳಿಲ್ಲ. ಆದರೆ ತುಂಗಾ ಫಾಂಟಿನಲ್ಲಿ ಪುಟ ಜೋಡಿಸಿದ್ದರೆ ಹೊಸ ವಿಂಡೋಸ್ ಅದರ ಬದಲು ನಿರ್ಮಲಾ ಫಾಂಟ್ ತೋರಿಸಿ, ಸಾಲುಗಳು ಆಚೀಚೆ ಸರಿದಾವು. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಹುಡುಕಿ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ತುಂಗಾ ಮರಳುತ್ತದೆ. ಕೀಲಿಮಣೆಗೆ ಟೈಮ್ ಆಂಡ್ ಲ್ಯಾಂಗ್ವೇಜ್ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಇನ್‌ಸ್ಕ್ರಿಪ್ಟ್ ಅಥವಾ ಫೊನೆಟಿಕ್ ಹಾಕಿಕೊಳ್ಳಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಟ್ಯಾಲಿ ಮತ್ತು ಡಿಜಿಟಲ್ ಸಹಿ

ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ಎಫ್3 ಒತ್ತಿ ಕಂಪನಿ ಆರಿಸುವ ಪರದೆಗೆ ಹೋದರೆ ಡೇಟಾ ಇರುವ ದಾರಿ ಕಾಣುತ್ತದೆ. ಅಲ್ಲಿ ಪ್ರತಿ ಕಂಪನಿಗೂ ಅಂಕಿಯ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಮೊದಲು ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ತೆಗೆಯಿರಿ. ನಂತರ ಟ್ಯಾಲಿ ಮುಚ್ಚಿ, ಡೇಟಾ ಫೋಲ್ಡರನ್ನೂ ಪೂರ್ತಿ ನಕಲು ಮಾಡಿ. ಎರಡೂ ಇರಲಿ, ಒಂದು ಕೈಕೊಟ್ಟರೆ ಇನ್ನೊಂದು. ಹೊಸ ಯಂತ್ರದಲ್ಲಿ ಹಾಕುವ ಟ್ಯಾಲಿ ಹಳೆಯದರ ಆವೃತ್ತಿಯದೇ ಆಗಿರಲಿ ಅಥವಾ ಅದಕ್ಕಿಂತ ಹೊಸದಿರಲಿ. ಹೊಸ ಆವೃತ್ತಿಯಲ್ಲಿ ಬರೆದ ಡೇಟಾವನ್ನು ಹಳೆಯ ಆವೃತ್ತಿಗೆ ಕೊಡುವಂತಿಲ್ಲ.

ಲೈಸೆನ್ಸಿಗೆ ಇಂಟರ್ನೆಟ್ ಇರುವಾಗ ಹಳೆಯ ಯಂತ್ರದಲ್ಲಿ ಎಫ್1, ಸೆಟ್ಟಿಂಗ್ಸ್, ಲೈಸೆನ್ಸ್ ಎಂದು ಹೋಗಿ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಅದೇ ಸೀರಿಯಲ್ ಸಂಖ್ಯೆಯಿಂದ ಆಕ್ಟಿವೇಟ್ ಮಾಡಿ. ಕಂಪನಿ ತೆರೆದು, ಕೊನೆಯ ವೋಚರಿನ ತಾರೀಕು, ಟ್ರಯಲ್ ಬ್ಯಾಲೆನ್ಸಿನ ಮೊತ್ತ ಎರಡೂ ಯಂತ್ರದಲ್ಲಿ ಒಂದೇ ಇದೆಯೇ ಹೋಲಿಸಿ. ಅಂದಿನಿಂದ ಹಳೆಯದರಲ್ಲಿ ಒಂದೂ ಎಂಟ್ರಿ ಹಾಕಬಾರದು.

ಡಿಜಿಟಲ್ ಸಹಿ ಟೋಕನಿನೊಳಗೇ ಇರುತ್ತದೆ, ನಕಲು ಮಾಡಲು ಬರುವುದಿಲ್ಲ. ಟೋಕನಿನ ಡ್ರೈವರ್, ಜಿಎಸ್‌ಟಿ ತಾಣದಲ್ಲಿ ಸಹಿ ಹಾಕಲು ಬೇಕಾದ ಎಮ್‌ಸೈನರ್ ತಂತ್ರಾಂಶ ಹಾಕಿ, ಟೋಕನ್ ಸಿಕ್ಕಿಸಿ, ಒಮ್ಮೆ ಲಾಗಿನ್ ಆಗಿ ನೋಡಿ. ಈ ಪರೀಕ್ಷೆಯನ್ನು ರಿಟರ್ನ್ ಕಟ್ಟುವ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಪಿನ್ ಹಲವು ಸಲ ತಪ್ಪಾದರೆ ಟೋಕನ್ ಲಾಕ್ ಆಗುತ್ತದೆ, ಊಹಿಸಿ ಒತ್ತುವುದೂ ಬೇಡ.

ಬ್ರೌಸರ್, ವಾಟ್ಸಾಪ್, ಪ್ರಿಂಟರ್

ಕ್ರೋಮ್‌ನ ಫೋಲ್ಡರ್ ನಕಲು ಮಾಡಿ ಪಾಸ್‌ವರ್ಡ್ ತರುವ ಪ್ರಯತ್ನ ವ್ಯರ್ಥ. ಅವು ಹಳೆಯ ಯಂತ್ರದ ನಿಮ್ಮ ವಿಂಡೋಸ್ ಖಾತೆಗೆ ಬೀಗ ಹಾಕಿಕೊಂಡಿರುತ್ತವೆ. ಗೂಗಲ್ ಖಾತೆಯಲ್ಲಿ ಸಿಂಕ್ ಚಾಲೂ ಮಾಡಿ, ಹೊಸದರಲ್ಲಿ ಅದೇ ಖಾತೆಗೆ ಬನ್ನಿ. ಸಿಂಕ್ ಬೇಡವೆನಿಸಿದರೆ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಬಹುದು. ಆ ಕಡತದಲ್ಲಿ ಎಲ್ಲ ಪಾಸ್‌ವರ್ಡ್ ಬಿಚ್ಚಿಟ್ಟಂತೆ ಬರೆದಿರುತ್ತದೆ. ಹೊಸದಕ್ಕೆ ಸೇರಿಸಿದ ಕೂಡಲೇ ಎರಡೂ ಕಡೆಯಿಂದ, ರೀಸೈಕಲ್ ಬಿನ್‌ನಿಂದಲೂ ಅಳಿಸಿ. ಫೈರ್‌ಫಾಕ್ಸ್‌ನಲ್ಲಿ ಮಾತ್ರ ಪ್ರೊಫೈಲ್ ಫೋಲ್ಡರ್ ನಕಲು ಮಾಡಿದರೆ ಪಾಸ್‌ವರ್ಡೂ ಜೊತೆಗೆ ಬರುತ್ತದೆ.

ವಾಟ್ಸಾಪ್‌ಗೆ ಹೊಸ ಯಂತ್ರದಲ್ಲಿ ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು. ಪ್ರಿಂಟರಿಗೆ ತಯಾರಕರ ತಾಣದಿಂದ ವಿಂಡೋಸ್ 11ರ ಡ್ರೈವರ್ ಇಳಿಸಿಕೊಳ್ಳಿ. ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ಯಾರಲಲ್ ಪೋರ್ಟಿನದಾದರೆ ಹೊಸ ಯಂತ್ರದಲ್ಲಿ ಆ ಪೋರ್ಟ್ ಇರುವುದಿಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಬೇಕು.

ಹಳೆಯ ಯಂತ್ರದ ಜೊತೆಗೇ ಬಂದಿದ್ದ ಒಇಎಂ ವಿಂಡೋಸ್ ಲೈಸೆನ್ಸ್ ಆ ಯಂತ್ರಕ್ಕೇ ಸೇರಿದ್ದು, ಹೊಸದಕ್ಕೆ ಬರುವುದಿಲ್ಲ. ಮೈಕ್ರೋಸಾಫ್ಟ್ 365 ಇದ್ದರೆ ಖಾತೆಗೆ ಲಾಗಿನ್ ಆದರಾಯಿತು.

ತಾಳೆ ನೋಡುವುದು, ಕೊನೆಗೆ ಅಳಿಸುವುದು

ಹಳೆಯದರಲ್ಲೂ ಹೊಸದರಲ್ಲೂ ಅದೇ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಸೈಜ್ ಮತ್ತು ಕಡತಗಳ ಸಂಖ್ಯೆ ಹೋಲಿಸಿ. ಸೈಜ್ ಆನ್ ಡಿಸ್ಕ್ ಎಂಬುದು ಬೇರೆ ಬೇರೆ ಬಂದರೆ ಪರವಾಗಿಲ್ಲ, ಡಿಸ್ಕಿನ ರಚನೆಯ ಮೇಲೆ ಅದು ಬದಲಾಗುತ್ತದೆ. ಸಂಖ್ಯೆ ಕಡಿಮೆಯಿದ್ದರೆ ಒಳಗಿನ ಫೋಲ್ಡರ್ ಒಂದೊಂದನ್ನೇ ಹೋಲಿಸುತ್ತ ಹೋಗಿ, ಬಿಟ್ಟುಹೋದದ್ದು ಸಿಗುತ್ತದೆ. ಆಮೇಲೆ ಪ್ರತಿ ಬಗೆಯ ಕಡತವನ್ನೂ ಒಂದೆರಡು ತೆರೆದು ನೋಡಿ: ಹಳೆಯ ಫೋಟೊ, ಉದ್ದದ ವಿಡಿಯೊದ ಕೊನೆಯ ಭಾಗ, ನುಡಿ ಕಡತ, ಎಕ್ಸೆಲ್ ಕೊಂಡಿ, ಐದು ವರ್ಷ ಹಿಂದಿನ ಮೇಲ್.

ಎಲ್ಲ ಸರಿಯಿದ್ದರೂ ಹಳೆಯ ಯಂತ್ರವನ್ನು ಕನಿಷ್ಠ ಒಂದು ತಿಂಗಳು ಹಾಗೆಯೇ ಇಡಿ. ತಿಂಗಳಿಗೊಮ್ಮೆ ಮಾಡುವ ಕೆಲಸಗಳು, ಸಂಬಳದ ಪಟ್ಟಿಯೋ ಜಿಎಸ್‌ಟಿ ರಿಟರ್ನೋ, ಒಂದು ಸುತ್ತು ಹೊಸದರಲ್ಲಿ ಆಗಲಿ. ನಕಲಿನ ಹೊರಗಿನ ಡಿಸ್ಕನ್ನು ಬೇರೆ ಕೆಲಸಕ್ಕೆ ಬಳಸದೆ ಬದಿಗಿಡಿ.

ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ ಬರೀ ಡಿಲೀಟ್ ಸಾಲದು. ಅಳಿಸಿದ ಕಡತವನ್ನು ಮರಳಿ ತೆಗೆಯುವ ಪ್ರೋಗ್ರಾಂಗಳು ಸುಲಭವಾಗಿ ಸಿಗುತ್ತವೆ. ಖಾತೆಗಳಿಂದ ಹೊರಬಂದು, ವಿಂಡೋಸ್ 10ರಲ್ಲಿ ಅಪ್‌ಡೇಟ್ ಆಂಡ್ ಸೆಕ್ಯುರಿಟಿಯ ರಿಕವರಿ ವಿಭಾಗದಲ್ಲಿ ರೀಸೆಟ್ ದಿಸ್ ಪಿಸಿ, ಅದರಲ್ಲಿ ರಿಮೂವ್ ಎವ್ರಿಥಿಂಗ್ ಆರಿಸಿ. ಚೇಂಜ್ ಸೆಟ್ಟಿಂಗ್ಸ್ ಒತ್ತಿ ಕ್ಲೀನ್ ಡೇಟಾ ಆನ್ ಮಾಡಿ. ಯಂತ್ರದಲ್ಲಿ ಡಿ, ಇ ಡ್ರೈವ್ ಇದ್ದರೆ ಎಲ್ಲ ಡ್ರೈವಿನದನ್ನೂ ಅಳಿಸುವ ಆಯ್ಕೆಯನ್ನೂ ಕೊಡಿ, ಇಲ್ಲವಾದರೆ ಸಿ ಮಾತ್ರ ಖಾಲಿಯಾಗಿ ಡಿ ಡ್ರೈವಿನಲ್ಲಿ ನಿಮ್ಮ ಲೆಕ್ಕಪತ್ರ ಹಾಗೇ ಉಳಿದಿರುತ್ತದೆ. ದೊಡ್ಡ ಹಾರ್ಡ್‌ಡಿಸ್ಕಿಗೆ ಇದು ಹಲವು ಗಂಟೆ ತೆಗೆದುಕೊಳ್ಳುತ್ತದೆ, ರಾತ್ರಿ ಹಚ್ಚಿ ಮಲಗಿ. ಯಂತ್ರ ಆನ್ ಆಗದ ಸ್ಥಿತಿಯಲ್ಲಿದ್ದರೆ ಡಿಸ್ಕನ್ನು ಬಿಚ್ಚಿ ನಿಮ್ಮ ಬಳಿಯೇ ಇಟ್ಟುಕೊಂಡು, ಉಳಿದದ್ದನ್ನು ಇ-ತ್ಯಾಜ್ಯ ಪಡೆಯುವ ಅಧಿಕೃತ ಕೇಂದ್ರಕ್ಕೆ ಕೊಡಿ.